ಪರದೇಶದ ಕೆಲಸಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳು

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಒಂದು ಲೇಖನವನ್ನು ಕೊಡತಕ್ಕದ್ದೆಂಬುದು ನಮ್ಮ ಶಾಲೆಯಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಕಟ್ಟಡ, ಪರೀಕ್ಷಾಫಲ, ಆಟೋಟ ಮೊದಲಾದವುಗಳ ವಿಚಾರವನ್ನು ಬೇರೆಯವರು ಬರೆದಿರುವುದರಿಂದ ನಾನು ಅವುಗಳನ್ನು ಮುಟ್ಟುವುದಿಲ್ಲ. ಈಚಿನ ವರ್ಷಗಳಲ್ಲಿ ಹಳೆಯ ವಿದ್ಯಾರ್ಥಿನಿಯರೂ ಅವರ ತಾಯಿತಂದೆಗಳೂ ನನ್ನೊಡನೆ ಹೆಚ್ಚಾಗಿ ಮಾತಾಡುವ ಒಂದು ವಿಷಯವುಂಟು. ಪರದೇಶದಲ್ಲಿ ಕೆಲಸಮಾಡುವುದಕ್ಕೂ ಅಲ್ಲಿ ವಾಸಿಸುವುದಕ್ಕೂ ಬೇಕಾದ ಅಪ್ಪಣೆಯೇ ಆ ವಿಷಯ. ನಮ್ಮಲ್ಲಿ ಕಲಿತು, ಶುಶ್ರೂಷೆಯ ತರಬೇತಿ ಹೊಂದಿದ ಹುಡುಗಿಯರಲ್ಲಿ ಅನೇಕರ ಕಣ್ಣು ಈಗ ಜರ್ಮನಿ ದೇಶದ ಕಡೆಗಿದೆ. ಆದಕಾರಣ ಆ ದೇಶದ ನಿಯಮಗಳನ್ನೇ ಹಿಡಿದುಕೊಂಡು, ನಾನು ಓದಿ ಕೇಳಿ ತಿಳಿದದ್ದನ್ನೂ ಶಾಲೆಯ ಕಚೇರಿಯಲ್ಲಿ ಕೂತು ಕಂಡದ್ದನ್ನೂ ಇಲ್ಲಿ ಬರೆಯುತ್ತೇನೆ.

ಮಂಗಳೂರಿನವರಾದ ನಮಗೆ ಈ ವಿಚಾರವು ಪೂರ್ತಿ ಹೊಸದೆಂದು ಹೇಳುವ ಹಾಗಿಲ್ಲ. ಒಂದು ಕಾಲದಲ್ಲಿ ಕಸಬು ಬಲ್ಲ ಪರದೇಶಿಗಳು ಬಂದು ನೆಲೆಸಿದ್ದು ನಮ್ಮ ಊರಿನಲ್ಲಿ. ಈಸ್ಟ್ ಇಂಡಿಯಾ ಕಂಪೆನಿಯ ಆಳಿಕೆಯಲ್ಲಿ ಹೊರಗಿನವರಿಗೆ ಇಲ್ಲಿ ವಾಸಿಸುವ ಅಪ್ಪಣೆ ಸುಲಭವಾಗಿ ಸಿಕ್ಕುತ್ತಿರಲಿಲ್ಲ. 1833ರ ಸನ್ನದು ಕಾಯಿದೆಯು ಇಂಗ್ಲೆಂಡಿನವರಲ್ಲದ ಮಿಶನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷ, ಅಂದರೆ 1834ರಲ್ಲಿ, ಬಾಸೆಲ್ ಮಿಶನಿನ ಮೂವರು ಮಂಗಳೂರಿಗೆ ಬಂದಿಳಿದರು. ಅವರ ಹಿಂದೆ ಬಂದವರಲ್ಲಿ ಮುದ್ರಣ ಬಲ್ಲವರಿದ್ದರು, ನೇಯ್ಗೆ ಬಲ್ಲವರಿದ್ದರು. 1841ರಲ್ಲಿ ಮುದ್ರಣಾಲಯ, 1843ರಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆ, 1894ರಲ್ಲಿ ಕಿಟ್ಟೆಲರ ನಿಘಂಟು ಇವೆಲ್ಲ ಪರದೇಶದಿಂದ ಬಂದ ಕೈಗಳ ಕೆಲಸವೇ. ನೇತ್ರಾವತಿಯ ದಡದ ಆವೆಮಣ್ಣು ಮೊದಲಿನಿಂದಲೂ ಇಲ್ಲಿಯೇ ಇತ್ತು. ಅದನ್ನು ಹೊಸ ತರದ ಹೆಂಚಾಗಿ ಸುಡುವ ವಿದ್ಯೆ ಹೊರಗಿನಿಂದ ಬಂತು. ಅದನ್ನು ನಮ್ಮವರು ಕಲಿತರು, ಸಾವಿರಾರು ಮನೆಗಳು ಆ ಹೆಂಚಿನ ನೆರಳಿನಲ್ಲಿ ನಿಂತವು.

ಆದರೆ ಇದೇ ಇತಿಹಾಸದ ಇನ್ನೊಂದು ಪುಟವನ್ನೂ ಮಕ್ಕಳಿಗೆ ಹೇಳಬೇಕು. 1914ರಲ್ಲಿ ಯುದ್ಧವು ಆರಂಭವಾದಾಗ ಬ್ರಿಟಿಷ್ ಸರಕಾರವು ಪರದೇಶಿಗಳ ಮೇಲೆ ಹೊಸ ಆಜ್ಞೆಯನ್ನು ಹೊರಡಿಸಿತು. ಇಲ್ಲಿಯ ಭಾಷೆಯನ್ನಾಡುತ್ತ, ಇಲ್ಲಿಯೇ ಮಕ್ಕಳನ್ನು ಹೆತ್ತು ಬೆಳೆಸಿದ್ದ ಜರ್ಮನರು ಒಮ್ಮೆಲೇ ಶತ್ರುದೇಶದವರೆಂದೆನಿಸಿಕೊಂಡರು. ಕೆಲವರನ್ನು ಅಹಮದನಗರದ ಸೆರೆಶಿಬಿರದಲ್ಲಿ ಇಟ್ಟರು. ತರುವಾಯ ಅವರನ್ನೂ ಅವರ ಕುಟುಂಬದವರನ್ನೂ ಹಡಗು ಹತ್ತಿಸಿ ಕಳುಹಿಸಿಬಿಟ್ಟರು. ಕಾರ್ಖಾನೆಗಳು ಬೇರೆಯವರ ಕೈಸೇರಿದವು. ಎಷ್ಟು ವರ್ಷ ಎಷ್ಟು ಒಳ್ಳೆಯ ಕೆಲಸ ಮಾಡಿದ್ದರೂ, ವಾಸದ ಹಕ್ಕು ಕೊಡುವವರ ಕೈಯಲ್ಲಿರುವ ತನಕ ಅದು ಕೊಟ್ಟದ್ದೇ ಹೊರತು ಸ್ವಂತದ್ದಲ್ಲವೆಂಬ ಪಾಠವು ಇದರಲ್ಲಿದೆ.

ಈಗ ದಾರಿ ತಿರುಗಿದೆ. ಅವರ ದೇಶದಲ್ಲಿ ಮುದುಕರ ಸಂಖ್ಯೆ ಹೆಚ್ಚಿ, ದುಡಿಯುವ ಕೈಗಳು ಕಡಿಮೆಯಾಗುತ್ತಿವೆ. ಎರಡನೆಯ ಮಹಾಯುದ್ಧದ ತರುವಾಯ ಪಶ್ಚಿಮ ಜರ್ಮನಿಯು 1955ರಲ್ಲಿ ಇಟಲಿಯೊಡನೆಯೂ 1961ರಲ್ಲಿ ತುರ್ಕಿಯೊಡನೆಯೂ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿತು. ಅವರನ್ನು ‘ಅತಿಥಿ ಕೆಲಸಗಾರರು’ ಎಂದು ಕರೆಯುತ್ತಿದ್ದರು. ಅತಿಥಿಯೆಂದರೆ ಕೆಲವು ದಿನವಿದ್ದು ಹೊರಡುವವನೆಂದೇ ಅರ್ಥವಷ್ಟೆ. 1964ರಲ್ಲಿ ಹತ್ತು ಲಕ್ಷದ ಕೆಲಸಗಾರನಾಗಿ ಬಂದ ಆರ್ಮಾಂಡೊ ರೊಡ್ರಿಗೆಸ್ ಎಂಬ ಪೋರ್ಚುಗಲ್ ದೇಶದ ಬಡಗಿಗೆ ಕಲೋನಿನ ರೈಲುನಿಲ್ದಾಣದಲ್ಲಿ ಹೂಗುಚ್ಛವನ್ನೂ ಒಂದು ಮೋಪೆಡ್ ಗಾಡಿಯನ್ನೂ ಕೊಟ್ಟು ಸ್ವಾಗತಿಸಿದರು. ಆ ಚಿತ್ರವನ್ನು ಇಂದಿಗೂ ಪುಸ್ತಕಗಳಲ್ಲಿ ಅಚ್ಚುಹಾಕುತ್ತಾರೆ. ಅದೇ ಮನುಷ್ಯನು ಮುಂದೆ ಕಾಯಿಲೆ ಬಿದ್ದು ಊರಿಗೆ ಮರಳಿ, ತನಗೆ ವಿಮೆಯಿಂದ ಸಲ್ಲತಕ್ಕದ್ದೇನೆಂಬುದು ತಿಳಿಯದೆ, ಕೂಡಿಟ್ಟ ಹಣವನ್ನು ಔಷಧಕ್ಕೆ ಸುರಿದು 1979ರಲ್ಲಿ ತೀರಿಕೊಂಡನೆಂಬುದು ಅಷ್ಟಾಗಿ ಯಾರಿಗೂ ತಿಳಿಯದು. ಬಂದ ದಿನದ ಹೂವಿಗಿಂತ ಹಕ್ಕಿನ ತಿಳಿವಳಿಕೆಯೇ ಹೆಚ್ಚು ಬೆಲೆಯುಳ್ಳದ್ದೆಂದು ನನಗೆ ಅನಿಸುತ್ತದೆ.

1960ರ ದಶಕದಿಂದ ನಮ್ಮ ನೆರೆಯ ಕೇರಳದ ಎಳೆಯ ಹೆಣ್ಣುಮಕ್ಕಳು ಶುಶ್ರೂಷೆಯ ಕೆಲಸಕ್ಕಾಗಿ ಆ ದೇಶಕ್ಕೆ ಹೋದರು. 1973ರ ನವೆಂಬರಿನಲ್ಲಿ ಪಶ್ಚಿಮ ಜರ್ಮನಿಯು ಹೊರಗಿನಿಂದ ಕೆಲಸಗಾರರನ್ನು ಕರೆಸುವುದನ್ನು ನಿಲ್ಲಿಸಿಬಿಟ್ಟಿತು. ಆ ಮೇಲಿನ ವರ್ಷಗಳಲ್ಲಿ ಕೆಲವು ಪ್ರಾಂತಗಳಲ್ಲಿ ಈ ಹೆಣ್ಣುಮಕ್ಕಳ ಅಪ್ಪಣೆಪತ್ರಗಳನ್ನು ಮುಂದುವರಿಸಲಿಲ್ಲ. ರೋಗಿಗಳು ಮೆಚ್ಚಿಕೊಂಡಿದ್ದ ದಾದಿಯರೂ ಪೆಟ್ಟಿಗೆ ಕಟ್ಟಬೇಕಾಯಿತು. ಉಳಿದವರು ಊರಿನಲ್ಲಿ ಮದುವೆಯಾಗಿ ಗಂಡಂದಿರನ್ನು ಕರೆದುಕೊಂಡುಹೋದರೆ, ಆ ಗಂಡಂದಿರಿಗೆ ವರ್ಷಗಟ್ಟಲೆ ಕೆಲಸಮಾಡುವ ಹಕ್ಕಿರಲಿಲ್ಲ. ಕಲಿತ ಗಂಡಸರು ಹೆಂಡತಿಯ ಸಂಬಳದಲ್ಲಿ ಮನೆಯಲ್ಲಿ ಕೂತುಕೊಂಡು ಮಕ್ಕಳನ್ನು ನೋಡಿಕೊಂಡರು. ಅದೇ ಸಮಯದಲ್ಲಿ ದಕ್ಷಿಣ ಕೊರಿಯದ ದಾದಿಯರು ಸುಮ್ಮನೆ ಮರಳಿಹೋಗಲು ಒಪ್ಪಲಿಲ್ಲ. ಬೇಕಾದಾಗ ತರಿಸಿ ಬೇಡವಾದಾಗ ಹಿಂದೆ ಕಳುಹಿಸುವುದಕ್ಕೆ ತಾವು ಸರಕುಗಳಲ್ಲವೆಂದು 1977ರಲ್ಲಿ ಅವರು ಸಹಿಗಳನ್ನು ಕೂಡಿಸಿದರು. ಅವರ ಮಾತಿಗೆ ಬೆಲೆ ಬಂತು. ಉಳಿಯುವ ಹಕ್ಕು ದೊರೆಯಿತು.

2000ದ ಆಗಸ್ಟಿನಲ್ಲಿ ಆ ಸರಕಾರವು ಕಂಪ್ಯೂಟರ್ ಬಲ್ಲವರಿಗೆಂದು ‘ಗ್ರೀನ್ ಕಾರ್ಡ್’ ಎಂಬ ಪರವಾನಗಿಯನ್ನು ತೆರೆಯಿತು. ಬೆಂಗಳೂರಿನಿಂದ ಹೋದವರೂ ಉಂಟು. ಆದರೆ ಅದಕ್ಕೆ 5 ವರ್ಷಗಳ ಮಿತಿಯಿತ್ತು. 2012ರಲ್ಲಿ ಪದವೀಧರರಿಗೆ ಯೂರೋಪ್ ಒಕ್ಕೂಟದ ‘ನೀಲಿ ಕಾರ್ಡು’ ಬಂತು. 2020ರ ಮಾರ್ಚ್ 1ರಿಂದ ಕುಶಲ ಕೆಲಸಗಾರರ ವಲಸೆಗೆಂದೇ ಪ್ರತ್ಯೇಕ ಕಾಯಿದೆ ಜಾರಿಗೆ ಬಂತು. ಅದನ್ನು 2023ರಿಂದ ಹಂತಹಂತವಾಗಿ ಸಡಿಲಿಸಿದ್ದಾರೆ. 2022ರ ಡಿಸೆಂಬರಿನಲ್ಲಿ ನಮ್ಮ ದೇಶಕ್ಕೂ ಅವರಿಗೂ ವಲಸೆಯ ಒಪ್ಪಂದವಾಯಿತು. 2024ರ ಅಕ್ಟೋಬರಿನಲ್ಲಿ, ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಅವರು ಸಾರಿದರು. ಈ ಸುದ್ದಿ ಪತ್ರಿಕೆಗಳಲ್ಲಿ ಬಂದ ತರುವಾಯ ನನ್ನ ಕಚೇರಿಯ ಬಾಗಿಲಿನ ಸದ್ದು ಹೆಚ್ಚಿತು.

ಆ ಕಾಯಿದೆಯ ದೃಷ್ಟಿಯಲ್ಲಿ ಕುಶಲ ಕೆಲಸಗಾರನೆಂದರೆ ಯಾರು? ಅಲ್ಲಿಯ ಕನಿಷ್ಠ 2 ವರ್ಷಗಳ ಕಸಬಿನ ತರಬೇತಿಗೆ, ಇಲ್ಲವೆ ವಿಶ್ವವಿದ್ಯಾನಿಲಯದ ಪದವಿಗೆ ಸಮನಾದ ವಿದ್ಯೆಯುಳ್ಳವರು. ಹೋಗಬಯಸುವ ದಾದಿಗೆ ಮೂರು ಬೀಗದಕೈಗಳು ಬೇಕು. ಒಂದು, ಇಲ್ಲಿಯ ಜಿ.ಎನ್.ಎಂ. ಅಥವಾ ಬಿ.ಎಸ್‌ಸಿ. ನರ್ಸಿಂಗ್ ವಿದ್ಯೆಗೆ ಅಲ್ಲಿಯ ಪ್ರಾಂತದ ಅಧಿಕಾರಿಗಳ ಮಾನ್ಯತೆ. ಎರಡು, ಜರ್ಮನ್ ಭಾಷೆ. ಮೂರು, ಕೆಲಸ ಕೊಡುವವರ ಕರಾರುಪತ್ರ. ಇವುಗಳಲ್ಲಿ ಒಂದಿಲ್ಲದಿದ್ದರೂ ಬಾಗಿಲು ತೆರೆಯದು.

ಮಾನ್ಯತೆಯೆಂದರೆ ನಮ್ಮ ಮಕ್ಕಳು ಕಲಿತ ಪಾಠಗಳನ್ನೂ ರೋಗಿಗಳ ಹಾಸಿಗೆಯ ಬಳಿ ಕಳೆದ ಗಂಟೆಗಳನ್ನೂ ಅಲ್ಲಿಯ ಪಾಠಕ್ರಮದೊಂದಿಗೆ ತೂಗಿನೋಡುವುದು. ಹೆಚ್ಚಾಗಿ ಅಧಿಕಾರಿಗಳು ‘ಇಷ್ಟು ಸರಿಯಿದೆ, ಇಷ್ಟು ಕೊರತೆಯಿದೆ’ ಎಂದು ಒಂದು ನಿರ್ಣಯಪತ್ರವನ್ನು ಕೊಡುತ್ತಾರೆ. ಇದನ್ನು ನೋಡಿ ಎದೆಗುಂದಬಾರದು. ಆ ಕೊರತೆಯನ್ನು ಅಲ್ಲಿಯೇ ಒಂದು ಪರೀಕ್ಷೆಯಿಂದಲೋ ಕೆಲವು ತಿಂಗಳ ಹೊಂದಾಣಿಕೆಯ ತರಬೇತಿಯಿಂದಲೋ ತುಂಬಿಸಬಹುದು. ಅದಕ್ಕೂ ಪ್ರತ್ಯೇಕ ವಾಸದ ಪರವಾನಗಿಯುಂಟು. ಆ ಅವಧಿಯಲ್ಲಿ ಅವಳು ಸಹಾಯಕಿಯಾಗಿ ದುಡಿಯುತ್ತಾಳೆ. ಇಲ್ಲಿ ವಾರ್ಡನ್ನೇ ನಡೆಸಿದವಳು ಅಲ್ಲಿ ಮತ್ತೆ ವಿದ್ಯಾರ್ಥಿನಿಯಂತೆ ನಿಲ್ಲಬೇಕಾಗುತ್ತದೆ. ಈ ತಗ್ಗುವಿಕೆಗೆ ಮನಸ್ಸನ್ನು ಮೊದಲೇ ಸಿದ್ಧಪಡಿಸಿಕೊಳ್ಳದವರು ಬಹಳ ನೊಂದುಕೊಳ್ಳುತ್ತಾರೆ.

ಭಾಷೆಯ ವಿಷಯದಲ್ಲಿ ಉಪಾಧ್ಯಾಯಿನಿಯಾದ ನಾನು ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ಎ1ರಿಂದ ಸಿ2ರವರೆಗೆ 6 ಮೆಟ್ಟಿಲುಗಳಿವೆ. ಪೂರ್ಣ ದಾದಿಯೆನಿಸಿಕೊಳ್ಳುವುದಕ್ಕೆ ಸಾಮಾನ್ಯವಾಗಿ ಬಿ2 ಎಂಬ ನಾಲ್ಕನೆಯ ಮೆಟ್ಟಿಲು ಬೇಕು. ‘ಮೂರು ತಿಂಗಳಲ್ಲಿ ಜರ್ಮನ್’ ಎಂಬ ಫಲಕವನ್ನು ಕಂಡು ಮರುಳಾಗಬೇಡಿರಿ. ಮುದುಕಿಯೊಬ್ಬಳು ರಾತ್ರಿ ಎರಡು ಗಂಟೆಗೆ ಎದೆನೋವೆಂದು ತನ್ನ ಊರಮಾತಿನಲ್ಲಿ ಗೊಣಗಿದರೆ ಅರ್ಥಮಾಡಿಕೊಳ್ಳತಕ್ಕವಳು ದಾದಿ; ಅಲ್ಲಿ ಬಾಯಿಪಾಠವು ಕೈಬಿಡುತ್ತದೆ. ಕಿಟ್ಟೆಲರು ನಮ್ಮ ಭಾಷೆಗೆ ಕೊಟ್ಟ ವರ್ಷಗಳನ್ನು ನೆನೆದರೆ, ಅವರ ಭಾಷೆಗೆ ನಮ್ಮ ಹುಡುಗಿಯರು ಒಂದೂವರೆ ವರ್ಷವನ್ನು ಕೊಡುವುದು ದೊಡ್ಡದಲ್ಲ. ಮನೆಯಲ್ಲಿ ತುಳು, ಬೀದಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಇಂಗ್ಲಿಷುಗಳನ್ನು ಆಡಿ ಬೆಳೆದವರಿಗೆ ಐದನೆಯ ಭಾಷೆ ಭಾರವಾಗದೆಂಬುದು ನನ್ನ ಅನುಭವ.

ಕರಾರುಪತ್ರವನ್ನು ಅಲ್ಲಿಯ ಉದ್ಯೋಗ ಇಲಾಖೆಯವರು ಪರೀಕ್ಷಿಸುತ್ತಾರೆ. ಅದೇ ಕೆಲಸದ ಜರ್ಮನಳಿಗೆ ಸಲ್ಲುವ ಸಂಬಳಕ್ಕಿಂತ ಕಡಿಮೆ ಕೊಡಕೂಡದೆಂಬುದು ನಿಯಮ. ಕೆಲಸ ಕೊಡುವವರೇ 411 ಯೂರೋ ಶುಲ್ಕವನ್ನು ಕಟ್ಟಿ, ಎಲ್ಲ ಕಾಗದಗಳನ್ನೂ ತ್ವರಿತವಾಗಿ ನಡೆಸಿಕೊಳ್ಳುವ ಒಂದು ಮಾರ್ಗವೂ ಉಂಟು. ವೀಸಾದ ಶುಲ್ಕ 75 ಯೂರೋ. 45 ವರ್ಷ ದಾಟಿ ಮೊದಲ ಬಾರಿ ಹೋಗುವವರು ಹೆಚ್ಚಿನ ಸಂಬಳವನ್ನೋ ಮುಪ್ಪಿನ ಕಾಲದ ಭದ್ರತೆಯನ್ನೋ ತೋರಿಸಬೇಕು; ಆದಕಾರಣ ನನ್ನಂಥವರು ನಿಮ್ಮನ್ನು ಕಳುಹಿಸಿಕೊಡುವುದೇ ಲೇಸು!

ಇನ್ನು ನನ್ನ ಮೇಜಿಗೆ ಬರುವ ಕಷ್ಟಗಳನ್ನು ಹೇಳುತ್ತೇನೆ. ಇವೆಲ್ಲ ದೊಡ್ಡ ಕಾಯಿದೆಯಲ್ಲಿ ಹುಟ್ಟಿದವುಗಳಲ್ಲ. ನಮ್ಮ ದಾಖಲೆ ಪುಸ್ತಕದಲ್ಲಿ ಹುಟ್ಟಿದವುಗಳು. ಸುಗುಣಾ ಎಂಬ ಹುಡುಗಿಯನ್ನು ನಮ್ಮಲ್ಲಿಗೆ ಸೇರಿಸುವಾಗ ತಂದೆಯು ‘ಸುಗುಣಾ ಪಿ.’ ಎಂದು ಬರೆಸಿದನೆಂದಿಟ್ಟುಕೊಳ್ಳಿ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅದು ‘ಪಿ. ಸುಗುಣ’ವಾಯಿತು, ನರ್ಸಿಂಗ್ ಕಾಲೇಜಿನಲ್ಲಿ ಪಿ. ಎಂಬುದು ತಂದೆಯ ಪೂರ್ಣ ಹೆಸರಾಯಿತು; ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರೇ ಇಲ್ಲವಾಯಿತು; ಮದುವೆಯಾದ ಮೇಲೆ ಆಧಾರ್ ಚೀಟಿಯಲ್ಲಿ ಗಂಡನ ಹೆಸರು ಸೇರಿತು. ನಮಗೆ ಇವರೆಲ್ಲರೂ ಒಬ್ಬಳೇ ಸುಗುಣಾ. ಏಳು ಸಾವಿರ ಕಿಲೋಮೀಟರಿನಾಚೆ ಕೂತ ಗುಮಾಸ್ತನಿಗೆ ಇವರು ಐದು ಮಂದಿ. ತಿದ್ದುಪಡಿಯ ಅರ್ಜಿಯು ಶಾಲೆಯ ಮೂಲಕವೇ ಪರೀಕ್ಷಾ ಮಂಡಳಿಗೆ ಹೋಗಬೇಕು, ಸಮಯ ಹಿಡಿಯುತ್ತದೆ. ಜನ್ಮದಿನದಲ್ಲಿ ವ್ಯತ್ಯಾಸವಿದ್ದರಂತೂ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾದೀತು. ತಾಯಿತಂದೆಗಳೇ, ಒಂದನೆಯ ತರಗತಿಗೆ ಸೇರಿಸುವ ದಿನ ಹೆಸರನ್ನೂ ಜನ್ಮದಿನವನ್ನೂ ಅವಸರದಿಂದ ಬರೆಸಬೇಡಿರಿ. ಹತ್ತನೆಯ ತರಗತಿಯ ಪಟ್ಟಿ ಮಂಡಳಿಗೆ ಹೋಗುವ ಮೊದಲು ನಾವು ಓದಿಹೇಳುವಾಗ ದಯವಿಟ್ಟು ಬನ್ನಿರಿ. ಆ ಒಂದು ಹಾಳೆಯ ಮೇಲೆಯೇ ಮಗಳ ಪಾಸ್‌ಪೋರ್ಟು ನಿಲ್ಲುತ್ತದೆ. ಹತ್ತನೆಯ ತರಗತಿ ದಾಟಿದವರಿಗೆ ವಲಸೆಯ ಪ್ರತ್ಯೇಕ ಅನುಮತಿ ಬೇಡವೆಂಬ ವಿನಾಯಿತಿಗೂ ಅದೇ ಆಧಾರ.

ಇನ್ನೊಂದು ಕಷ್ಟವು ಇದಕ್ಕಿಂತ ಕಹಿಯಾದದ್ದು. ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿಯು ನನ್ನಲ್ಲಿಗೆ ಬಂದು, ಕುರ್ಚಿಯಲ್ಲಿ ಕೂತುಕೊಳ್ಳದೆ, “ಟೀಚರೇ, ಅವಳ ಸರ್ಟಿಫಿಕೇಟುಗಳ ನಕಲು ಶಾಲೆಯಲ್ಲಿ ಉಂಟಾ?” ಎಂದು ಕೇಳಿದಳು. ವಿಚಾರಿಸಿದಾಗ ತಿಳಿದದ್ದೇನೆಂದರೆ, ದಲ್ಲಾಳಿಯೊಬ್ಬನು ಜರ್ಮನಿಗೆ ಕಳುಹಿಸುತ್ತೇನೆಂದು ಹೇಳಿ ಅವಳ ಮೂಲ ಪ್ರಮಾಣಪತ್ರಗಳೆಲ್ಲವನ್ನೂ ತನ್ನಲ್ಲಿಟ್ಟುಕೊಂಡಿದ್ದನು. ತಾಯಿಯ ಕುತ್ತಿಗೆಯ ಸರವು ಸಹಕಾರಿ ಸಂಘದಲ್ಲಿ ಅಡವಿಗೆ ಹೋಗಿ 3 ಲಕ್ಷ ರೂಪಾಯಿ ಅವನ ಕೈಸೇರಿತ್ತು. ಇನ್ನೆರಡು ಲಕ್ಷ ಕೊಡದ ಹೊರತು ಕಾಗದಗಳಿಲ್ಲವೆನ್ನುತ್ತಿದ್ದನು. ಹುಡುಗಿಯು ಇಲ್ಲಿಯ ಆಸ್ಪತ್ರೆಯಲ್ಲೂ ಕೆಲಸಕ್ಕೆ ಸೇರಲಾರಳು, ಅಲ್ಲಿಗೂ ಹೋಗಲಾರಳು. ನಾನು ಅವರೊಡನೆ ಪೊಲೀಸ್ ಠಾಣೆಗೆ ಹೋದೆನು. ದೂರು ಬರೆದ ತರುವಾಯ ಕಾಗದಗಳು ಮರಳಿ ಬಂದವು. ಹಣದಲ್ಲಿ ಅರ್ಧವೂ ಬರಲಿಲ್ಲ. ಸರವು ಹರಾಜಿಗೆ ಹೋಯಿತು. ಅವಳು ಬೆಂಗಳೂರಿನಲ್ಲಿ ರಾತ್ರಿಪಾಳಿಯಲ್ಲಿ ದುಡಿಯುತ್ತ ಹಗಲು ಭಾಷೆ ಕಲಿತು, ಬಿ2 ಮುಗಿಸಿ, ನೇರವಾಗಿ ಒಂದು ಆಸ್ಪತ್ರೆಗೆ ಬರೆದಳು. ಆಸ್ಪತ್ರೆಯವರೇ ಶುಲ್ಕವನ್ನು ಕಟ್ಟಿ ಕರೆಸಿಕೊಂಡರು. ಈಗ ಅವಳು ಪೂರ್ಣ ದಾದಿ. ಕಳೆದ ವರ್ಷ ತಾಯಿಗೆ ಹೊಸ ಸರ ತಂದಿದ್ದಾಳೆ. ಆದರೆ ಹಳೆಯದು ಅಜ್ಜಿಯದಾಗಿತ್ತು.

ಆದಕಾರಣ ಸ್ಪಷ್ಟವಾಗಿ ಹೇಳುತ್ತೇನೆ. ಮೂಲ ಪ್ರಮಾಣಪತ್ರಗಳನ್ನು ಯಾರ ವಶಕ್ಕೂ ಕೊಡಬೇಡಿರಿ. ಪ್ರಮಾಣೀಕರಿಸಿದ ನಕಲುಗಳನ್ನೇ ಕೊಡಿರಿ. 1983ರ ವಲಸೆ ಕಾಯಿದೆಯ ಕೆಳಗೆ ನೋಂದಾಯಿಸಿಕೊಂಡ ದಲ್ಲಾಳಿಯು ತೆಗೆದುಕೊಳ್ಳಬಹುದಾದ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯೆಂದು ಮಿತಿಯನ್ನು ಹಾಕಿದ್ದಾರೆ. ನೋಂದಾಯಿಸಿದವರ ಪಟ್ಟಿ ನಮ್ಮ ವಿದೇಶಾಂಗ ಇಲಾಖೆಯ ‘ಇ-ಮೈಗ್ರೇಟ್’ ಜಾಲತಾಣದಲ್ಲಿದೆ. ಕೇರಳದಲ್ಲಿ 2021ರಿಂದ ಸರಕಾರದ ನೋರ್ಕಾ ಸಂಸ್ಥೆಯು ಜರ್ಮನ್ ಸರಕಾರದ ಸಂಸ್ಥೆಗಳೊಡನೆ ಕೂಡಿ ದಾದಿಯರನ್ನು ಖರ್ಚಿಲ್ಲದೆ ಕಳುಹಿಸಿಕೊಡುತ್ತಿರುವಾಗ, ನಮ್ಮ ತಾಯಂದಿರು ಲಕ್ಷಗಟ್ಟಲೆ ಸುರಿಯಬೇಕಾದದ್ದಿಲ್ಲ.

ಹೋಗಿ ಸೇರಿದ ಮೇಲೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಸಾಮಾನ್ಯವಾಗಿ ಎರಡು ವಾರಗಳೊಳಗೆ ವಾಸದ ವಿಳಾಸವನ್ನು ನೋಂದಾಯಿಸಬೇಕು. ಆ ಮೇಲೆ ಪರದೇಶಿಗಳ ಕಚೇರಿಯವರು ಒಂದು ಕಾರ್ಡನ್ನು ಕೊಡುತ್ತಾರೆ. ಅದರ ಜೊತೆಗೆ ಹಸಿರುಬಣ್ಣದ ಒಂದು ಪುರವಣಿ ಹಾಳೆಯೂ ಬರಬಹುದು. ಯಾವ ಕೆಲಸ, ಯಾರಲ್ಲಿ, ಏನು ನಿಬಂಧನೆ ಎಂಬುದು ಅದರಲ್ಲಿರುತ್ತದೆ. ಅದನ್ನು ಓದದೆ ಪೆಟ್ಟಿಗೆಯ ತಳದಲ್ಲಿಡುವವರೇ ಹೆಚ್ಚು. ನಮ್ಮ ಇನ್ನೊಬ್ಬ ವಿದ್ಯಾರ್ಥಿನಿಗೆ ಅಲ್ಲಿಯ ವೃದ್ಧಾಶ್ರಮವೊಂದರ ಮೇಲ್ವಿಚಾರಕನು, “ನೀನು ಕೆಲಸ ಬಿಟ್ಟರೆ ಮರುದಿನವೇ ಊರಿಗೆ ಕಳುಹಿಸುತ್ತಾರೆ” ಎಂದು ಹೆದರಿಸಿ ವಾರಕ್ಕೆ 6 ದಿನ, ಸಾಲದ್ದಕ್ಕೆ ರಾತ್ರಿಪಾಳಿಯನ್ನೂ ಮಾಡಿಸುತ್ತಿದ್ದನು. ಬಿಟ್ಟುಹೋದರೆ ಸಾವಿರಾರು ಯೂರೋ ಮರಳಿಸಬೇಕೆಂಬ ಷರತ್ತೂ ಕರಾರಿನಲ್ಲಿತ್ತು. ಅವಳು ಅಳುತ್ತ ಬರೆದ ಕಾಗದಕ್ಕೆ ನಾನು ಒಂದೇ ಉತ್ತರ ಬರೆದೆನು: “ಮಗಳೇ, ಮೊದಲು ಆ ಹಸಿರು ಹಾಳೆಯನ್ನು ಓದು.” ‘ಫೇರ್ ಇಂಟೆಗ್ರಾತ್ಸಿಯೋನ್’ ಎಂಬ ಸಲಹಾ ಕೇಂದ್ರಗಳು ಅಲ್ಲಿವೆ, ಹೊರಗಿನಿಂದ ಬಂದ ಕೆಲಸಗಾರರಿಗೆ ಹಣ ತೆಗೆದುಕೊಳ್ಳದೆ ಹಕ್ಕುಗಳನ್ನು ತಿಳಿಸುತ್ತವೆ. ಅಲ್ಲಿಗೆ ಹೋದಾಗ ಅವಳಿಗೆ ತಿಳಿದದ್ದೇನೆಂದರೆ, ಕೆಲಸ ಬದಲಿಸಲು ಕಚೇರಿಯ ಅಪ್ಪಣೆ ಬೇಕು, ಆದರೆ ಕೆಲಸ ಹೋದ ಮರುದಿನವೇ ಯಾರನ್ನೂ ಓಡಿಸುವುದಿಲ್ಲ. ಕಚೇರಿಗೆ ತಿಳಿಸಿ, ಬೇರೆ ಕೆಲಸ ಹುಡುಕಲು ಸಮಯ ಕೇಳಿಕೊಳ್ಳಬಹುದು. ಅವಳು ಮೊದಲು ಬೇರೊಂದು ಆಸ್ಪತ್ರೆಯ ಕರಾರನ್ನು ಪಡೆದು, ಅಪ್ಪಣೆ ತೆಗೆದುಕೊಂಡು, ಆ ಮೇಲೆಯೇ ಹಳೆಯದನ್ನು ಬಿಟ್ಟಳು. ಅವಳ ಈ ಕ್ರಮವನ್ನು ನಾನು ಮೆಚ್ಚುತ್ತೇನೆ.

ಈಗಿನ ಕಾಯಿದೆಯು 1970ರ ದಶಕದ ಕಾಯಿದೆಗಿಂತ ಎಷ್ಟೋ ಮೇಲು. ಜೊತೆಗೆ ಹೋಗುವ ಗಂಡನಿಗೂ ದುಡಿಯುವ ಹಕ್ಕುಂಟು. ಮಾನ್ಯತೆ ಪಡೆದ ಕೆಲಸಗಾರರು 3 ವರ್ಷ ದುಡಿದು, ಪಿಂಚಣಿಯ ವಂತಿಗೆ ಕಟ್ಟಿ, ಬಿ1 ಭಾಷೆಯನ್ನು ತೋರಿಸಿದರೆ ಕಾಯಂ ವಾಸದ ಹಕ್ಕನ್ನು ಕೇಳಬಹುದು. ನೀಲಿ ಕಾರ್ಡಿನವರಿಗೆ ಭಾಷೆ ಬಿ1 ಇದ್ದರೆ 21 ತಿಂಗಳು ಸಾಕು. ಪೌರತ್ವವನ್ನು ಕೇಳಲು 2024ರ ಜೂನಿನಿಂದ ಸಾಮಾನ್ಯವಾಗಿ 5 ವರ್ಷಗಳ ವಾಸವನ್ನು ನಿಗದಿಮಾಡಿದ್ದಾರೆ. ಆದರೆ ನಮ್ಮ ದೇಶವು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲವಾದ್ದರಿಂದ, ಅಲ್ಲಿಯವರಾಗಬೇಕಾದರೆ ಇಲ್ಲಿಯ ಪಾಸ್‌ಪೋರ್ಟನ್ನು ಬಿಡಬೇಕು. ಆ ನಿರ್ಧಾರವನ್ನು ದಲ್ಲಾಳಿಯೂ ಮಾಡಲಾರನು, ಮುಖ್ಯೋಪಾಧ್ಯಾಯಿನಿಯೂ ಮಾಡಲಾರಳು.

‘ನಮ್ಮ ಹುಡುಗಿಯರೆಲ್ಲ ಅಲ್ಲಿಯ ಮುದುಕರನ್ನು ನೋಡಿಕೊಳ್ಳಲು ಹೋದರೆ ಇಲ್ಲಿಯ ಮುದುಕರನ್ನು ನೋಡುವವರಾರು?’ ಎಂದು ಒಬ್ಬ ತಂದೆಯವರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ದಾದಿಯರ ಕೊರತೆಯಿರುವ ಬಡದೇಶಗಳಿಂದ ಅವರನ್ನು ಸೆಳೆಯಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ನೀತಿಸಂಹಿತೆಯೊಂದನ್ನು ಮಾಡಿತು. 2023ರಲ್ಲಿ ಅದು ಹೊರಡಿಸಿದ 55 ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಆದರೆ ಪಟ್ಟಿಯಲ್ಲಿಲ್ಲವೆಂದ ಮಾತ್ರಕ್ಕೆ ನಮ್ಮ ಹಳ್ಳಿಯ ಆಸ್ಪತ್ರೆಗಳಲ್ಲಿ ದಾದಿಯರು ತುಂಬಿದ್ದಾರೆಂದು ಅರ್ಥವಲ್ಲ. ಇಲ್ಲಿ ಅವರಿಗೆ ಕೊಡುವ ಸಂಬಳವನ್ನು ನೋಡಿದ ಮೇಲೆ, ಹೋಗಬೇಡಿರೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಉಳಿಯಿರೆಂದು ಹೇಳಬೇಕಾದವರು ಮೊದಲು ಉಳಿಯತಕ್ಕ ಸಂಬಳವನ್ನೂ ಮರ್ಯಾದೆಯನ್ನೂ ಕೊಡಲಿ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಹೋಗುವವರು ಕಣ್ಣು ತೆರೆದುಕೊಂಡು ಹೋಗಿರಿ. ಸಹಿ ಹಾಕುವ ಮೊದಲು ಓದಿರಿ, ಅರ್ಥವಾಗದಿದ್ದರೆ ಕೇಳಿರಿ, ಕೇಳುವುದಕ್ಕೆ ನಾಚಬೇಡಿರಿ. ಈಗಾಗಲೇ ಅಲ್ಲಿ ನೆಲೆಸಿರುವವರು ಹೊಸಬಳು ಬಂದಿಳಿದಾಗ ಒಂದು ರಾತ್ರಿಯ ಊಟವನ್ನೂ ಒಂದು ಗಂಟೆಯ ಬುದ್ಧಿಮಾತನ್ನೂ ಕೊಡಿರಿ. ನಮ್ಮ ಹಳೆಯ ವಿದ್ಯಾರ್ಥಿನಿಯರ ಸಂಘಕ್ಕೆ ಇದಕ್ಕಿಂತ ದೊಡ್ಡ ಚಂದಾ ಬೇಕಿಲ್ಲ. ತಾಯಿತಂದೆಗಳು ಹೆಸರು ತಿದ್ದುಪಡಿಯ ಅರ್ಜಿಗಳನ್ನು ರಜೆ ಮುಗಿದು ಶಾಲೆ ತೆರೆದ ಮೊದಲ ವಾರದಲ್ಲಿಯೇ ತಂದರೆ, ವರ್ಷ ಕಳೆಯುವುದರೊಳಗೆ ಕೆಲಸವಾದೀತು. ಇಲ್ಲಿದ್ದು ದುಡಿಯುವವರಿಗೂ ದೂರದಲ್ಲಿ ದುಡಿಯುವವರಿಗೂ ದೇವರು ಆರೋಗ್ಯವನ್ನೂ ಧೈರ್ಯವನ್ನೂ ಕೊಡಲೆಂದು ಹಾರೈಸುತ್ತೇನೆ.